ನಿಂಬೆಹಣ್ಣು ದಾಟದ ಕಾರು

ಟಿ. ದಾಸರಹಳ್ಳಿ, ಬೆಂಗಳೂರು
12 ಜೂನ್ 2025

ಪ್ರೀತಿಯ ಶಿವಗಂಗಾ,

ಕೈಯಲ್ಲಿ ಫೋನಿರುವಾಗ ವತ್ಸಲಕ್ಕನಿಗೆ ಕಾಗದ ಬರೆಯುವ ಹುಚ್ಚೇಕೆ ಹಿಡಿಯಿತು ಎಂದು ನಗಬೇಡ. ನಮ್ಮ ಮನೆಯ ಮಹಡಿಯಲ್ಲಿ ಅಷ್ಟು ವರ್ಷ ಬಾಡಿಗೆಗೆ ಇದ್ದವಳು ನೀನು, ಇಲ್ಲಿಯ ಫೋನಿನ ಪಾಡು ನಿನಗೆ ಗೊತ್ತಿಲ್ಲದ್ದಲ್ಲ. ನಾನು ಹಲೋ ಅನ್ನುವುದೇ ತಡ, ನಮ್ಮ ಯಜಮಾನರು ಪೇಪರ್ ಮಡಚಿಟ್ಟು ಬಂದು ಪಕ್ಕದಲ್ಲಿ ಕೂತು, ಸ್ಪೀಕರ್ ಒತ್ತಿ, ನನ್ನ ಪರವಾಗಿ ತಾವೇ ಉತ್ತರ ಕೊಡುತ್ತಾರೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು ನಿವೃತ್ತರಾದ ಮೇಲೆ ನನಗೊಬ್ಬಳಿಗೇ ಫೋರ್‌ಮನ್ ಆಗಿದ್ದಾರೆ. ಇವರು ಮಧ್ಯೆ ಬಾಯಿ ಹಾಕದಂತೆ ನಿನ್ನ ಹತ್ತಿರ ಮಾತಾಡಬೇಕು, ಅದಕ್ಕೇ ಈ ಕಾಗದ.

ಕಾರು ಬಂತು ಕಣೇ! ಅಕ್ಷಯ ತೃತೀಯದ ದಿನ, ನನ್ನ ಹೆಸರಿನಲ್ಲೇ. ತುಮಕೂರು ರಸ್ತೆಯ ಶೋರೂಮಿನಿಂದ ಮನೆಯವರೆಗೆ ನಾನೇ ಓಡಿಸಿಕೊಂಡು ಬಂದೆ. ಇವರು ಪಕ್ಕದಲ್ಲಿ ಕೂತು ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಭಾನುವಾರ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿದಾಗ ಪೀಣ್ಯದ ಖಾಲಿ ರಸ್ತೆಗಳಲ್ಲಿ ನಿಮ್ಮ ಮನೆಯವರು ಮಲಕಪ್ಪನವರು ತಮ್ಮ ಟೆಂಪೋದಲ್ಲಿ ನನಗೆ ಕಲಿಸಿದ್ದು ದಂಡವಾಗಲಿಲ್ಲ ಎಂದು ಅವರಿಗೆ ಹೇಳು. ಅರವತ್ತರ ಹತ್ತಿರದ ಹೆಂಗಸಿಗೆ ಕಲಿಸುತ್ತೇನೆ ಎಂದು ಬೇರೆ ಯಾರು ಮುಂದೆ ಬರುತ್ತಿದ್ದರು?

ಒಂದೇ ಒಂದು ಕಿರಿಕಿರಿ. ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ಕಾರು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಹಿಂದಿನ ಬಸ್ಸಿನವನು ಹಾರನ್ ಹೊಡೆದೂ ಹೊಡೆದೂ ಸುಸ್ತಾದ ಮೇಲೆ ತಾನಾಗಿಯೇ ಶುರುವಾಯಿತು. ಮತ್ತೆ ಮೊನ್ನೆಯೂ ಹಾಗೇ. ಹೊಸ ಗಾಡಿ, ವಾರಂಟಿ ಇದೆ, ತೋರಿಸಿದರೆ ಸರಿಮಾಡಿ ಕೊಡುತ್ತಾರೆ. ನೀನು ಊರು ಸೇರಿದ ಮೇಲೆ ಮಹಡಿ ಬಿಕೋ ಎನ್ನುತ್ತಿದೆ.

ನಿನ್ನ
ವತ್ಸಲಕ್ಕ


ಇಳಕಲ್
24 ಜೂನ್ 2025

ವತ್ಸಲಕ್ಕಾ,

ನಿಮ್ಮ ಕಾಗದ ನನ್ನ ಕೈಗೆ ಬರುವ ಮೊದಲೇ ಅರ್ಧ ಓಣಿ ಸುತ್ತಿತ್ತು. ಅಂಚೆಯವನು ನಮ್ಮ ಮನೆಯವರ ಕೈಗೆ ಕೊಟ್ಟನಂತೆ. ಅವರು ಚಹಾದಂಗಡಿಯಲ್ಲೇ ಒಡೆದು ಓದಿ, "ಅಕ್ಕಾರು ತಾವ ಗಾಡಿ ಹೊಡಕೊಂಡು ಬಂದಾರ ನೋಡ್ರೋ, ತುಮಕೂರ ರೋಡಿನ್ಯಾಗ! ಯಾರು ಕಲಿಸಿದವ್ರು?" ಎಂದು ಕೇಳಿ, "ನಾನ!" ಎಂದು ತಾವೇ ಉತ್ತರವನ್ನೂ ಕೊಟ್ಟರಂತೆ. ಇನ್ನು ಮೇಲೆ ಗುಟ್ಟಿನ ಮಾತಿದ್ದರೆ ಲಕೋಟೆಯ ಮೇಲೆ ನನ್ನ ಹೆಸರನ್ನು ದೊಡ್ಡದಾಗಿ ಬರೆಯಿರಿ.

ಇಲ್ಲಿಯ ಹೊಸ ಸುದ್ದಿ ಎಂದರೆ ಇವರು ಹೆಂಗಸರಿಗೆ ಗಾಡಿ ಕಲಿಸುವ ಕೆಲಸ ಹಿಡಿದಿದ್ದಾರೆ. ಊರಲ್ಲಿ ಟೆಂಪೋಗೆ ಬಾಡಿಗೆ ಅಷ್ಟಕ್ಕಷ್ಟೆ. ಬ್ಯಾಂಕಿನ ಮೇಡಂ ಒಬ್ಬರು, ಆಸ್ಪತ್ರೆಯ ನರ್ಸ್ ಒಬ್ಬರು ಬಂದು ಕೇಳಿದ್ದಾರೆ. "ಮೊದಲು ಯಾರಿಗರ ಕಲಿಸೀರೇನು?" ಎಂದರೆ ಇವರು ಫೋನು ತೆಗೆದು, ಸ್ಟೇರಿಂಗ್ ಹಿಡಿದು ಕೂತ ನಿಮ್ಮ ಫೋಟೋ ತೋರಿಸುತ್ತಾರೆ. ನೀವೇ ನಮ್ಮ ಬೋರ್ಡು ಅಕ್ಕಾ.

ನಿಲ್ಲುವ ಗಾಡಿಯನ್ನು ಇಟ್ಟುಕೊಂಡು ಸುಮ್ಮನಿರಬೇಡಿ. ಅಂಗಡಿಯವರು ಮಾರುವ ತನಕ ಅಕ್ಕಾ ಅಕ್ಕಾ ಅನ್ನುತ್ತಾರೆ, ಮಾರಿದ ಮೇಲೆ ಯಾರಕ್ಕಾ ಅನ್ನುತ್ತಾರೆ. ಅವರು ಏನು ಹೇಳಿದರು ಎಂದು ಒಂದಕ್ಷರ ಬಿಡದೆ ಬರೆಯಿರಿ.

ನಿಮ್ಮ
ಶಿವಗಂಗಾ


ಟಿ. ದಾಸರಹಳ್ಳಿ
20 ಜುಲೈ 2025

ಶಿವಗಂಗಾ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕಾರನ್ನು ಶೋರೂಮಿಗೆ ತೋರಿಸಿದ್ದಾಯಿತು, ಒಂದಲ್ಲ, ಮೂರು ಸಲ. ಆಸ್ಪತ್ರೆಯ ಹೊಸ್ತಿಲು ಮೆಟ್ಟಿದ ಕೂಡಲೇ ಜ್ವರ ಇಳಿಯುವ ಮಗುವಿನ ಹಾಗೆ ಆಡುತ್ತದೆ ಇದು. ರಸ್ತೆಯಲ್ಲಿ ನಿಲ್ಲುತ್ತದೆ, ನಾನು ಫೋನು ಮಾಡುತ್ತೇನೆ, ಅವರ ಹುಡುಗ ಬೈಕಿನಲ್ಲಿ ಬರುವಷ್ಟರಲ್ಲಿ ಆರಿ ತಣ್ಣಗಾಗಿರುತ್ತದೆ. ಅವನು ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಶುರು. ನನ್ನ ಮುಖ ನೋಡಿ ನಗುತ್ತಾನೆ.

ಅಲ್ಲಿಯ ಸರ್ವಿಸ್ ಮ್ಯಾನೇಜರ್ ಶ್ರೀಕರ್ ಎಂಬವನು. ತುಂಬ ಮರ್ಯಾದೆಯ ಹುಡುಗ, ಕಾಫಿ ತರಿಸಿ ಕೊಡುತ್ತಾನೆ. "ಗಾಡಿ ಪರ್ಫೆಕ್ಟ್ ಇದೆ ಮೇಡಂ" ಅಂದ. ಇನ್ನೂ ಏನೇನೋ ಹೇಳಿದ, ಬರೆಯುವಂಥದ್ದಲ್ಲ.

ಈಗ ಇವರೇ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಕಾರು ತೆಗೆದುಕೊಂಡು ಹೋಗಿ ತರಕಾರಿ ತರುತ್ತಾರೆ. ಅವರ ಕೈಯಲ್ಲಿ ಒಂದು ಸಲವೂ ನಿಂತಿಲ್ಲ. ನನಗೂ ಮೊಣಕಾಲು ನೋವು, ಆದ್ದರಿಂದ ಒಳ್ಳೆಯದೇ ಆಯಿತು. ಮಲಕಪ್ಪನವರು ಕೇಳಿದರೆ ಎಲ್ಲ ಸರಿಹೋಗಿದೆ ಎಂದು ಹೇಳಿಬಿಡು. ಶೋರೂಮಿನ ವಿಷಯವನ್ನು ಅವರ ಹತ್ತಿರ ಎತ್ತಲೇಬೇಡ.

ವತ್ಸಲಕ್ಕ


ಇಳಕಲ್
2 ಆಗಸ್ಟ್ 2025

ವತ್ಸಲಕ್ಕನವರಿಗೆ,

ನಿಮ್ಮ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಒಂದಕ್ಷರ ಬಿಡದೆ ಬರೆಯಿರಿ ಎಂದರೆ ಬೇಕಾದ ಅಕ್ಷರವನ್ನೇ ಬಿಟ್ಟು ಬರೆದಿದ್ದೀರಿ.

ನೀವು ಹೇಳದಿದ್ದರೇನು, ಹೇಳುವವರು ಹೇಳಿದರು. ಕಳೆದ ವಾರ ಇವರು ನಿಮ್ಮ ಮನೆಗೆ ಫೋನು ಮಾಡಿದ್ದರು. ನೀವು ಗುಡಿಗೆ ಹೋಗಿದ್ದಿರಂತೆ. ಯಜಮಾನರು ಹೇಳಿದ್ದು ಇಷ್ಟು: "ಗಾಡೀಲಿ ಏನೂ ಇಲ್ಲ ಮಲಕಪ್ಪ, ಇವಳ ಕ್ಲಚ್ಚೇ ಸರಿಯಿಲ್ಲ. ಕಲ್ತಿದ್ದೇ ತಪ್ಪಂತೆ, ಶೋರೂಮಿನವರೇ ಹೇಳಿದ್ರು." ಇವರು ಫೋನು ಇಟ್ಟವರು ರೊಟ್ಟಿಗೂ ಬರಲಿಲ್ಲ. ಮರುದಿನ ಬ್ಯಾಂಕಿನ ಮೇಡಂ ಬಂದಾಗ, "ನನ್ನ ಕೈಲೆ ಆಗೂದಿಲ್ರೀ, ಬ್ಯಾರೆ ಯಾರನ್ನರ ನೋಡ್ರಿ" ಎಂದು ಕಳಿಸಿಬಿಟ್ಟರು. ನರ್ಸಮ್ಮನಿಗೂ ಅದೇ ಉತ್ತರ.

ಟೆಂಪೋ ಡ್ರೈವರ್ ಕಲಿಸಿದ ಎಂದು ಶೋರೂಮಿನಲ್ಲಿ ಹೇಳಿಕೊಳ್ಳಲು ನಿಮಗೆ ನಾಚಿಕೆಯಾಗಿರಬೇಕು. ಆ ಶ್ರೀಕರ್ ಹಾಗೆ ಅಂದಾಗ ನೀವು ಕಾಫಿ ಕುಡಿದು ಎದ್ದು ಬಂದಿರಿ. ನಿಮ್ಮನ್ನು ನಾನು ಸ್ವಂತ ಅಕ್ಕ ಎಂದುಕೊಂಡಿದ್ದೆ. ಇನ್ನು ಬರೆಯಲು ಏನೂ ಇಲ್ಲ.

ಶಿವಗಂಗಾ


ಟಿ. ದಾಸರಹಳ್ಳಿ
28 ಆಗಸ್ಟ್ 2025

ಶಿವಗಂಗಾ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು. ಗಣಪತಿ ಹಬ್ಬ ಮುಗಿಯಲಿ, ಮನಸ್ಸು ತಣ್ಣಗಾಗಲಿ ಎಂದು ಕಾದು ಇವತ್ತು ಬರೆಯುತ್ತಿದ್ದೇನೆ. ಆದರೂ ತಣ್ಣಗಾಗಿಲ್ಲ.

ಶ್ರೀಕರ್ ಅಂದದ್ದನ್ನು ಕೇಳು. "ಮೇಡಂ, ನೀವು ಯಾವಾಗ್ಲೂ ಕ್ಲಚ್ ಮೇಲೆ ಕಾಲಿಟ್ಟಿರ್ತೀರಾ ಅನ್ಸುತ್ತೆ. ಈ ಏಜಲ್ಲಿ ಕಷ್ಟ. ಕಲ್ಸಿದೋರೂ ಸರಿಯಾಗಿ ಕಲ್ಸಿಲ್ಲ. ಯಾರು ಕಲ್ಸಿದ್ದು?" ಇವರೂ ಅಲ್ಲೇ ಕೂತಿದ್ದರು. ನಾನು ಮಲಕಪ್ಪನವರ ಹೆಸರನ್ನು ಯಾಕೆ ಹೇಳಲಿಲ್ಲ ಗೊತ್ತೇ? ಹೇಳಿದ್ದರೆ ಆ ಹುಡುಗ ಇನ್ನೊಂದು ಮಾತು ಸೇರಿಸಿ ನಗುತ್ತಿದ್ದ. ಅವನ ಬಾಯಲ್ಲಿ ಆ ಹೆಸರು ಬರುವುದು ನನಗೆ ಬೇಕಿರಲಿಲ್ಲ. ನಿನಗೆ ಬರೆಯದೆ ಇದ್ದದ್ದೂ ಅದಕ್ಕೇ. ಆ ಮಾತು ಅವರ ಕಿವಿಗೆ ಬೀಳಬಾರದು ಎಂದು ಮುಚ್ಚಿಟ್ಟೆ. ನೀನು ನಾಚಿಕೆ ಅಂದೆ.

ಇನ್ನೊಂದು ನಿಜ. ಮೊಣಕಾಲು ನೋವು ಸುಳ್ಳು. ಶೋರೂಮಿನಿಂದ ಬಂದ ದಿನವೇ ಇವರು ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಕು ಕಣೇ ನಿನ್ನ ಸಾಹಸ" ಅಂದರು. ನಾನು ಜಗಳವಾಡಲಿಲ್ಲ, ಯಾಕೆಂದರೆ ನನಗೇ ಅನುಮಾನ ಬಂದಿತ್ತು. ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು, ನೆಲದ ಮೇಲೆ ಎಡಗಾಲನ್ನು ಒತ್ತಿ, ಬಿಟ್ಟು, ಒತ್ತಿ ನೋಡುತ್ತೇನೆ. ನನ್ನ ಕಾಲು ಏನು ಮಾಡುತ್ತಿದೆ ಎನ್ನುವುದು ನನಗೇ ಗೊತ್ತಿಲ್ಲದ ಹಾಗಾಗಿದೆ. ಕಾರು ಹೋದರೆ ಹೋಗಲಿ ಶಿವಗಂಗಾ, ಆದರೆ ನನ್ನ ಮೇಲೆ ನನಗಿದ್ದ ನಂಬಿಕೆಯನ್ನೇ ಅವನು ಒಂದು ಕಪ್ ಕಾಫಿ ಕೊಟ್ಟು ತೆಗೆದುಕೊಂಡುಬಿಟ್ಟ.

ವತ್ಸಲಾ


ಇಳಕಲ್
9 ಸೆಪ್ಟೆಂಬರ್ 2025

ಅಕ್ಕಾ,

ನನ್ನ ನಾಲಿಗೆಗೆ ಬೆಂಕಿ ಹಾಕಿ. ಕ್ಷಮಿಸಿ ಎಂದು ಬರೆದರೆ ನೀವೇ ಬೈಯುತ್ತೀರಿ, ಆದರೂ ಬರೆದಿದ್ದೇನೆ.

ಕಾಗದವನ್ನು ಇವರಿಗೆ ಓದಿ ಹೇಳಲೇ ಎಂದುಕೊಂಡೆ, ಹೇಳಲಿಲ್ಲ. ನೀವು ಅತ್ತದ್ದು ತಿಳಿದರೆ ಮನುಷ್ಯ ಇನ್ನೂ ಕುಗ್ಗುತ್ತಾರೆ. ಟೆಂಪೋವನ್ನು ಒರೆಸುವುದನ್ನೂ ಬಿಟ್ಟಿದ್ದಾರೆ.

ಒಂದು ಮಾತು ಕೇಳಿ. ಜ್ವರ ಇಳಿದ ಮಗುವನ್ನು ಆಸ್ಪತ್ರೆಗೆ ಒಯ್ದರೆ ಡಾಕ್ಟರ್ ಇನ್ನೇನು ಹೇಳುತ್ತಾನೆ? ಜ್ವರ ಇರುವಾಗಲೇ ಒಯ್ಯಿರಿ. ಗಾಡಿ ಅವರ ಬಾಗಿಲಲ್ಲೇ ನಿಲ್ಲಬೇಕು, ನಿಂತದ್ದು ಆರುವ ಮೊದಲು ಅವರು ನೋಡಬೇಕು. ಹೇಗೆ ಎಂದು ನನಗೆ ಗೊತ್ತಿಲ್ಲ. ನಿಮಗೆ ಹೊಳೆಯುತ್ತದೆ.

ಅಡುಗೆಮನೆಯ ಕುರ್ಚಿಯ ಮೇಲೆ ಇನ್ನು ಕೂರಬೇಡಿ.

ನಿಮ್ಮ ಶಿವಗಂಗಾ


ಟಿ. ದಾಸರಹಳ್ಳಿ
3 ಅಕ್ಟೋಬರ್ 2025

ನನ್ನ ಶಿವಗಂಗಾ,

ಮೊದಲು ಮಲಕಪ್ಪನವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೋ. ಇದನ್ನು ಗಟ್ಟಿಯಾಗಿ ಓದು. ಓಣಿಗೆಲ್ಲ ಕೇಳಿಸಿದರೂ ಅಡ್ಡಿಯಿಲ್ಲ. ಗೆದ್ದೆ ಕಣೇ!

ಆಯುಧ ಪೂಜೆಗೆ ಶೋರೂಮಿನವರು ತಮ್ಮಲ್ಲಿ ಕೊಂಡ ಗಾಡಿಗಳಿಗೆಲ್ಲ ಅಲ್ಲೇ ಪೂಜೆ ಮಾಡಿಸಿಕೊಡುತ್ತೇವೆ ಎಂದು ಮೆಸೇಜು ಕಳಿಸಿದ್ದರು. ನಿನ್ನ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. "ಹೋಗೋಣ" ಅಂದೆ. ಇವರಿಗೂ ಖುಷಿ. "ಆದ್ರೆ ಮೊದ್ಲು ಯಶವಂತಪುರದ ಮಾರ್ಕೆಟ್ಟಲ್ಲಿ ಹೂವು, ಬೂದುಗುಂಬಳ ತಗೋಬೇಕು" ಅಂದೆ. ಹಬ್ಬದ ದಿನ ಆ ಮಾರ್ಕೆಟ್ಟಿನ ರಸ್ತೆ ಹೇಗಿರುತ್ತದೆ ಎಂದು ನಿನಗೆ ಗೊತ್ತು. ಮಧ್ಯಾಹ್ನದ ಬಿಸಿಲು, ಎಸಿ ಜೋರು, ಆಮೆಯ ನಡಿಗೆ. ಇವರು ಸ್ಟೇರಿಂಗ್ ಹಿಡಿದು ಗೊಣಗುತ್ತಿದ್ದರು. ಮಗುವಿಗೆ ಜ್ವರ ಬರಲಿ ಎಂದು ಬೇಕಂತಲೇ ಬಿಸಿಲಲ್ಲಿ ತಿರುಗಿಸಿದ ತಾಯಿ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆದರೂ ಅಲ್ಲಿ ಕಾರು ನಿಲ್ಲಲಿಲ್ಲ. ಅಯ್ಯೋ, ಇವತ್ತೂ ಇದು ನನ್ನನ್ನು ಸುಳ್ಳುಗಾತಿ ಮಾಡುತ್ತದೆ ಎಂದುಕೊಂಡು ಹಿಂದಿನ ಸೀಟಿನಿಂದ ಬಗ್ಗಿ ಎಸಿಯನ್ನು ಇನ್ನಷ್ಟು ಜೋರು ಮಾಡಿದೆ.

ಶೋರೂಮಿನ ಮುಂದೆ ಇನ್ನೊಂದು ಸಾಲು. ನಮ್ಮ ಸರದಿ ಬಂದು, ಗೇಟಿನ ಬಾಯಿಯಲ್ಲಿ ಪೂಜೆ ಆಯಿತು. ಪುರೋಹಿತರು ಗಂಧ ಕುಂಕುಮ ಹಚ್ಚಿ, ಮಂಗಳಾರತಿ ಮಾಡಿ, ಬೂದುಗುಂಬಳ ಒಡೆಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, "ಹೂಂ, ಮುಂದಕ್ಕೆ ಬಿಡಿ" ಅಂದರು. ಇವರು ಕೀಲಿ ತಿರುಗಿಸಿದರು. ಕುಯ್ಯ್ ಅಂತು, ಅಷ್ಟೆ. ಮತ್ತೆ ತಿರುಗಿಸಿದರು. ಊಹೂಂ.

"ಕ್ಲಚ್ ಸರಿಯಾಗಿ ಒತ್ತಿದ್ದೀರಾ?" ಎಂದು ಹಿಂದಿನಿಂದ ಕೇಳಿದೆ. ಆ ಸುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ರೇಷ್ಮೆ ಜುಬ್ಬಾ ತೊಟ್ಟಿದ್ದ ಶ್ರೀಕರ್ ಓಡಿ ಬಂದ. "ಸಾರ್, ಇಳೀರಿ, ನಾನ್ ತೆಗೀತೀನಿ" ಎಂದು ಕೂತ. ಅವನ ಕಾಲಿಗೂ ಕಾರು ಬಗ್ಗಲಿಲ್ಲ. ಹಿಂದೆ ಸರ್ವಿಸ್ ರಸ್ತೆಯವರೆಗೂ ಗಾಡಿಗಳು, ಎಲ್ಲವೂ ಹಾರನ್ ಹೊಡೆಯುತ್ತಿವೆ. "ಹುಡುಗ್ರಾ, ಬನ್ರೋ, ಇದನ್ನ ಹಿಂದಕ್ಕೆ ತಳ್ಳಿ ಸೈಡಿಗಿಡಿ" ಅಂದ.

ಅಷ್ಟರಲ್ಲಿ ಕಾರು ಆರುತ್ತದೆ ಎನ್ನುವುದು ನನಗೆ ಹೊಳೆಯಿತು. ಇಳಿದು ಹೋಗಿ ಹಿಂದುಗಡೆ ಡಿಕ್ಕಿಗೆ ಬೆನ್ನು ಕೊಟ್ಟು ನಿಂತೆ. "ಪೂಜೆ ಆಗಿರೋ ಗಾಡೀನ ನಿಂಬೆಹಣ್ಣು ತುಳಿಯೋಕೆ ಮುಂಚೆ ಹಿಂದಕ್ಕೆ ತಳ್ತೀರಾ? ಒಳ್ಳೇದಾಗುತ್ತೇನ್ರೀ ನಿಮ್ಮ ಶೋರೂಮಿಗೆ?" ಎಂದು ಕೇಳಿದೆ. ಇಂಥದ್ದನ್ನೆಲ್ಲ ನಾನು ಎಷ್ಟು ನಂಬುತ್ತೇನೆ ಎನ್ನುವುದು ನಿನಗೆ ಗೊತ್ತು. ಹೋದ ವರ್ಷ ಪೂಜೆಗೆ ಇಟ್ಟಿದ್ದ ನಿಂಬೆಹಣ್ಣನ್ನೇ ಹಿಂಡಿ ಪಾನಕ ಮಾಡಿ ನಿನಗೂ ಕೊಟ್ಟಿದ್ದೆ. ಆದರೆ ಪುರೋಹಿತರು ಗಾಬರಿಯಾಗಿ, "ಬೇಡ ಸ್ವಾಮಿ, ಹಿಂದಕ್ಕೆ ಮಾತ್ರ ಬೇಡ" ಅಂದರು. ನಮ್ಮ ಹಿಂದಿನ ಗಾಡಿಯ ಚಿನ್ನಪ್ಪ ಎನ್ನುವ ಹಿರಿಯರು ಕಿಟಕಿಯಿಂದ ತಲೆ ಹಾಕಿ, "ನಮ್ ಗಾಡೀಗಿನ್ನೂ ಪೂಜೆ ಆಗಿಲ್ಲ ಕಣಪ್ಪಾ, ಕಣ್ಮುಂದೆ ಅಪಶಕುನ ಮಾಡ್ಬ್ಯಾಡ" ಎಂದು ಗದರಿದರು.

"ಸರಿ, ಮುಂದಕ್ಕೇ ತಳ್ರೋ" ಅಂದ ಶ್ರೀಕರ್.

"ತಳ್ಳಿಸ್ಕೊಂಡು ನಿಂಬೆಹಣ್ಣು ದಾಟಿದ್ರೆ ವರ್ಷವೆಲ್ಲ ತಳ್ಳಿಸ್ಕೊಂಡೇ ಓಡಾಡ್ಬೇಕಾಗುತ್ತೆ. ತಾನಾಗೇ ದಾಟ್ಬೇಕು" ಅಂದೆ. ಈ ಶಾಸ್ತ್ರ ಆ ಕ್ಷಣದಲ್ಲಿ ನನ್ನ ಬಾಯಲ್ಲಿ ಹುಟ್ಟಿದ್ದು ಕಣೇ! ಯಾರಿಗೂ ಗೊತ್ತಿಲ್ಲ, ಆದರೆ ಇಲ್ಲ ಎನ್ನುವ ಧೈರ್ಯವೂ ಯಾರಿಗೂ ಇಲ್ಲ. ಪುರೋಹಿತರೇ ತಲೆಯಾಡಿಸಿದರು.

ಆಗ ಶ್ರೀಕರ್ ಸ್ವರ ತಗ್ಗಿಸಿ, "ಮೇಡಂ, ಹತ್ತು ನಿಮಿಷ ಆರೋಕೆ ಬಿಡಿ, ತಾನೇ ಸ್ಟಾರ್ಟ್ ಆಗುತ್ತೆ" ಅಂದುಬಿಟ್ಟ.

ನನ್ನ ಮೈಯೆಲ್ಲ ಉರಿದುಹೋಯಿತು. "ಆರಿದ್ರೆ ಸ್ಟಾರ್ಟ್ ಆಗುತ್ತೆ ಅಂತ ನಿಮಗೆ ಗೊತ್ತಿತ್ತಾ? ಹಾಗಾದ್ರೆ ನನ್ನ ಕಾಲಿನ ಮೇಲೆ ಯಾಕ್ರೀ ಹಾಕಿದ್ರಿ?" ಎಂದು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ಇಳಿದು ಬಂದರು. ಯಾರೋ ಒಬ್ಬಳು, "ನನ್ನ ಗಾಡೀನೂ ಹಿಂಗೇ ನಿಲ್ಲುತ್ತೆ, ನನ್ಗೂ ಕ್ಲಚ್ಚು ಅಂತಾನೇ ಹೇಳಿದ್ರು" ಅಂದಳು. ಶ್ರೀಕರ್ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಮೆಕ್ಯಾನಿಕ್ ಈರೇಶ್‌ನನ್ನು ಕರೆಸಿದರು. ನೋಡು, ನನ್ನ ಅಸ್ತ್ರ ನನಗೇ ತಿರುಗಿತು. ಅವನು ಕೈಕಟ್ಟಿ ನಿಂತು, "ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಪೂಜೆಗಿಟ್ಟೀವಿ ಸಾರ್. ಇವತ್ತು ಮುಟ್ಟಂಗಿಲ್ಲ" ಅಂದ. ಕಾರು ಆರುತ್ತಾ ಇದೆ! ಪುರೋಹಿತರ ಕಡೆ ತಿರುಗಿ, "ಹಬ್ಬದ ದಿನ ಹೆರಿಗೆ ನೋವು ಬಂದ್ರೆ ಡಾಕ್ಟರು ಕೈಕಟ್ಟಿ ಕೂರ್ತಾರಾ ಸ್ವಾಮಿ?" ಎಂದು ಕೇಳಿದೆ. ಅವರು ನಕ್ಕು, ತಾವೇ ಹೋಗಿ ಹೂವಿನ ರಾಶಿಯಡಿಯಿಂದ ಸ್ಕ್ರೂಡ್ರೈವರ್ ತಂದು ಈರೇಶನ ಕೈಗೆ ಕೊಟ್ಟರು. ಅದರ ಹಿಡಿಯ ತುಂಬ ಕುಂಕುಮ.

ಈರೇಶ್ ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ಮುಟ್ಟಿ ನೋಡಿ, ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಕರಿಯ ಡಬ್ಬಿಯನ್ನು ಕಿತ್ತು, "ಹಾ" ಎಂದು ಬೆರಳು ಊದಿಕೊಂಡ. ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ರಿಲೇಯಂತೆ. ಕಾದಾಗ ಕೈಕೊಡುತ್ತದೆ, ಆರಿದಾಗ ಸರಿಯಾಗುತ್ತದೆ. ಒಳಗೆ ಮಾರಾಟಕ್ಕೆ ನಿಂತಿದ್ದ ಕಾರಿನಿಂದ ಅಂಥದ್ದೇ ಒಂದನ್ನು ತಂದು ಹಾಕಿದ. ಕೀಲಿ ತಿರುಗಿಸಿದ್ದೇ ತಡ, ಶುರುವಾಯಿತು! "ಇದ್ಕೂ ಕ್ಲಚ್ಚಿಗೂ ಏನ್ ಸಂಬಂಧ ಸಾರ್?" ಎಂದು ಈರೇಶ್ ಕೇಳಿದ. ಅವನಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ, ನಿಜವಾಗಿಯೇ ಕೇಳಿದ್ದು.

"ಮೇಡಂ, ಫುಲ್ ಚೆಕಪ್ ಮಾಡ್ಸಿ, ವಾರಂಟೀನೂ ಜಾಸ್ತಿ ಮಾಡ್ಕೊಡ್ತೀವಿ" ಅಂದ ಶ್ರೀಕರ್.

"ಅದು ನೀವು ಕೊಡಲೇಬೇಕಾದ್ದು. ಆ ಮೇಡಂ ಗಾಡೀನೂ ಸೇರಿಸಿ. ಈಗ ನನ್ನ ಮೇಲೆ ಹಾಕಿದ ಮಾತನ್ನ ವಾಪಸ್ ತಗೊಳ್ಳಿ. ಆ ಮೈಕಿನಲ್ಲಿ."

ಹೊಸ ಗಾಡಿ ಕೊಂಡವರ ಹೆಸರು ಕೂಗಲು ಅಲ್ಲೊಂದು ಮೈಕು ಇಟ್ಟಿದ್ದರು. ಅವನು ಇವರ ಮುಖ ನೋಡಿದ. ಇವರು ಆಕಾಶ ನೋಡಿದರು. ಚಿನ್ನಪ್ಪನವರು, "ಹೇಳಪ್ಪಾ ಬೇಗ, ನಮ್ಗೂ ಮನೇಲಿ ಹಬ್ಬ ಐತೆ" ಅಂದರು. ಮೈಕು ಕಿರ್ ಅಂತು. "ವತ್ಸಲಾ ಮೇಡಂ ಡ್ರೈವಿಂಗಲ್ಲಿ ಯಾವ ತಪ್ಪೂ ಇರಲಿಲ್ಲ. ದೋಷ ಇದ್ದಿದ್ದು ಗಾಡೀಲಿ. ತಪ್ಪು ನಮ್ದು."

"ಕಲ್ಸಿದೋರು ಯಾರು ಅಂತ ಕೇಳಿದ್ರಲ್ಲ ಅವತ್ತು? ಇಳಕಲ್ಲಿನ ಮಲಕಪ್ಪನವರು. ಅದನ್ನೂ ಹೇಳಿ" ಅಂದೆ.

"ಇಳಕಲ್ಲಿನ ಮಲಕಪ್ಪನವರು ಮೇಡಂಗೆ ಸರಿಯಾಗೇ ಕಲ್ಸಿದಾರೆ" ಎಂದು ತುಮಕೂರು ರಸ್ತೆಗೆಲ್ಲ ಕೇಳುವ ಹಾಗೆ ಹೇಳಿದ. ಜನ ಚಪ್ಪಾಳೆ ತಟ್ಟಿದರು ಕಣೇ!

ಇವರು ಜೇಬು ತಡಕಿದರು, ಆಮೇಲೆ ಕೀಲಿ ಕಾರಿನಲ್ಲೇ ಇದೆ ಎಂದು ನೆನಪಾಗಿ, ತಾವಾಗಿಯೇ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ನಾನು ಮುಂದೆ ಕೂತೆ. ಎಡಗಾಲು ಒತ್ತಿತು, ಮೆಲ್ಲಗೆ ಬಿಟ್ಟಿತು, ಅದಕ್ಕೆ ಎಲ್ಲ ನೆನಪಿತ್ತು. ನಾಲ್ಕೂ ನಿಂಬೆಹಣ್ಣು ಚಟಚಟನೆ ಒಡೆದವು. ಮನೆಗೆ ಹೋಗಲಿಲ್ಲ. ನೆಲಮಂಗಲದವರೆಗೂ ಹೋಗಿ ಬಂದೆ, ಸುಮ್ಮನೆ. ದಾರಿಯಲ್ಲಿ ಇವರು ಒಂದೇ ಮಾತು ಕೇಳಿದ್ದು: "ಆ ಶಾಸ್ತ್ರ ಯಾವ ಪುಸ್ತಕದಲ್ಲಿದೆ ಕಣೇ?"

ನಿನ್ನ
ವತ್ಸಲಕ್ಕ


ಇಳಕಲ್
18 ಅಕ್ಟೋಬರ್ 2025

ವತ್ಸಲಕ್ಕಾ,

ಓದಿದೆ. ಗಟ್ಟಿಯಾಗಿಯೇ ಓದಿದೆ. ಮೈಕಿನ ಭಾಗ ಬಂದಾಗ ಇವರು, "ತಡಿ, ಇನ್ನೊಮ್ಮೆ ಓದು" ಎಂದರು. ಓದಿದೆ. "ಊರ ಹೆಸರೂ ಹೇಳಿದ್ರೇನು?" ಎಂದರು. ಮತ್ತೆ ಓದಿದೆ. ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಮುಖ ತೊಳೆದುಕೊಂಡರು. ಆಮೇಲೆ ಬಕೆಟ್ಟು, ಬಟ್ಟೆ ಹಿಡಿದು ಟೆಂಪೋ ತೊಳೆದರು. ಬ್ಯಾಂಕಿನ ಮೇಡಂಗೂ ನರ್ಸಮ್ಮನಿಗೂ ಫೋನು ಹೋಯಿತು, ಇಬ್ಬರೂ ದೀಪಾವಳಿ ಮುಗಿದ ಮೇಲೆ ಬರುತ್ತಾರೆ.

ಆದರೆ ಮೊದಲ ಪಾಠ ಅವರಿಗಲ್ಲ ಅಕ್ಕಾ. ನಿನ್ನೆ ಬೆಳಿಗ್ಗೆ ಇವರು ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ನಾನು ಟೆಂಪೋ ಹತ್ತಿ ಕೂತಿದ್ದೆ. ಮದುವೆಯಾದಾಗಿನಿಂದ ಇವರ ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತವಳು ನಾನು. ಕಲಿಸಿ ಎಂದು ನಾನು ಕೇಳಿರಲಿಲ್ಲ, ಕಲಿಯುತ್ತೀಯಾ ಎಂದು ಅವರೂ ಕೇಳಿರಲಿಲ್ಲ. ನಿಮಗೆ ಕಲಿಸಲು ಟೆಂಪೋ ಹೊರಟಾಗಲೂ ನಾನು ಮಹಡಿಯ ಮೇಲೆ ನಿಂತು ನೋಡಿದ್ದಷ್ಟೆ. ಆಗ ಎಷ್ಟು ಹೊಟ್ಟೆ ಉರಿದಿತ್ತು ಎಂದು ಈಗ ಹೇಳುತ್ತಿದ್ದೇನೆ.

ಇವರು ಬಾಗಿಲ ಬಳಿ ನಿಂತು, "ಅದು ನನ್ನ ಸೀಟ ಐತಿ" ಎಂದರು.

"ಗೊತ್ತೈತಿ. ಆ ಕಡಿಂದ ಹತ್ರಿ" ಎಂದೆ.

ಹತ್ತಿದರು. ಊರ ಹೊರಗಿನ ಮಣ್ಣುದಾರಿಯಲ್ಲಿ ಟೆಂಪೋ ಗಕ್ಕನೆ ನಿಂತಿತು. ಮತ್ತೆ ನಿಂತಿತು. ಮತ್ತೂ ನಿಂತಿತು. ಅಕ್ಕಾ, ಇದು ಮಾತ್ರ ಗಾಡಿಯ ತಪ್ಪಲ್ಲ, ನನ್ನ ಕಾಲಿನದೇ. ಇವರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಮೇಲೆ ಹೊರಟಿತು.

ನಿಮ್ಮ
ಶಿವಗಂಗಾ